ದಸ್ತಾವೇಜುಗಳ ಪರಿಶೀಲನೆಯಲ್ಲಿ ವ್ಯಾಕರಣವೂ ನಿಯಮವೂ: ಎರಡು ಪದ್ಧತಿಗಳ ಸಂಯೋಗದ ಇತಿಹಾಸ

೧. ಉಪೋದ್ಘಾತ

ವಾಕ್ಯವೊಂದು ಅರ್ಥಬೋಧವನ್ನುಂಟುಮಾಡಬೇಕಾದರೆ ಅದರ ಪದಗಳಲ್ಲಿ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಧರ್ಮಗಳಿರಬೇಕೆಂದು ಭಾರತೀಯ ಶಾಸ್ತ್ರಕಾರರು ಹೇಳಿರುವರು. ‘ಬೆಂಕಿಯಿಂದ ನೆನೆಸುತ್ತಾನೆ’ ಎಂಬಲ್ಲಿ ವಿಭಕ್ತಿಯೂ ಕ್ರಿಯಾಪದವೂ ತಮ್ಮ ತಮ್ಮ ಸ್ಥಾನಗಳಲ್ಲಿಯೇ ಇವೆ. ವ್ಯಾಕರಣದ ದೃಷ್ಟಿಗೆ ಅದರಲ್ಲಿ ದೋಷವೇ ಕಾಣದು. ಆದರೂ ನೆನೆಸುವ ಯೋಗ್ಯತೆಯು ಬೆಂಕಿಗೆ ಇಲ್ಲವಾದುದರಿಂದ ಆ ವಾಕ್ಯವು ನಿಲ್ಲಲಾರದು. ರೂಪದ ಶುದ್ಧಿ ಬೇರೆ, ಅರ್ಥದ ಯೋಗ್ಯತೆ ಬೇರೆ. ಒಂದನ್ನು ಅಳೆಯುವ ಕೋಲಿನಿಂದ ಮತ್ತೊಂದನ್ನು ಅಳೆಯಲಾಗದೆಂಬುದು ಈ ಹಳೆಯ ಉದಾಹರಣೆಯ ಸಾರಾಂಶ.

ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಗಣಕಯಂತ್ರಗಳ ಪ್ರಪಂಚದಲ್ಲಿ ಇದೇ ವಿವೇಚನೆಯು ಬೇರೊಂದು ದಾರಿಯಿಂದ ಮತ್ತೆ ತಲೆದೋರಿತು. ಎಕ್ಸ್‌ಎಂಎಲ್ ಎಂಬ ಹೆಸರಿನ ಪದ್ಧತಿಯಲ್ಲಿ ಬರೆದ ದಸ್ತಾವೇಜುಗಳು ಸರಿಯಾಗಿವೆಯೇ ಎಂದು ಯಂತ್ರದಿಂದಲೇ ಪರೀಕ್ಷಿಸಲು ಎರಡು ಮಾರ್ಗಗಳು ಹುಟ್ಟಿದುವು. ಒಂದು ವ್ಯಾಕರಣಮೂಲವಾದುದು, ಇನ್ನೊಂದು ನಿಯಮಮೂಲವಾದುದು. ಮೊದಮೊದಲು ಇವು ಪರಸ್ಪರ ಪ್ರತಿಸ್ಪರ್ಧಿಗಳೆಂದು ಎಣಿಸಲ್ಪಟ್ಟುವು. ಅನುಭವವು ಬೆಳೆದ ಹಾಗೆಲ್ಲ ಒಂದಕ್ಕೊಂದು ಪೂರಕವೆಂಬುದು ಗೊತ್ತಾಯಿತು. ಆ ಬೆಳೆವಣಿಗೆಯ ಕ್ರಮವನ್ನೂ ಅದರ ಕಾರಣಗಳನ್ನೂ ಸಂಗ್ರಹವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

ಎಕ್ಸ್‌ಎಂಎಲ್ ದಸ್ತಾವೇಜಿನಲ್ಲಿ ಪ್ರತಿಯೊಂದು ಭಾಗವೂ ಆರಂಭಸೂಚಕ ಮತ್ತು ಅಂತ್ಯಸೂಚಕಗಳಾದ ಎರಡು ಗುರುತುಗಳ ನಡುವೆ ಇರುತ್ತದೆ. ಆ ಗುರುತುಗಳು ಭಾಗದ ಹೆಸರನ್ನು ಹೇಳುತ್ತವೆ. ಇಂತಹ ಭಾಗಕ್ಕೆ ಇಲ್ಲಿ ‘ಘಟಕ’ವೆಂದು ಹೆಸರಿಡಲಾಗಿದೆ. ಒಂದು ಘಟಕದೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು, ಹೀಗೆ ದಸ್ತಾವೇಜು ಒಂದು ವೃಕ್ಷದ ಆಕಾರವನ್ನು ತಾಳುವುದು. ಗುರುತುಗಳು ಸರಿಯಾಗಿ ತೆರೆದು ಮುಚ್ಚಿದ್ದರೆ ದಸ್ತಾವೇಜು ‘ಸುರೂಪ’ವೆನಿಸುವುದು, ಮೊದಲೇ ಬರೆದಿಟ್ಟ ಲಕ್ಷಣಕ್ಕೆ ಅದು ಹೊಂದಿದ್ದರೆ ‘ಸಿಂಧು’ವೆನಿಸುವುದು. ಚರ್ಚೆಯೆಲ್ಲವೂ ಈ ಎರಡನೆಯ ಮಾತನ್ನು ಕುರಿತದ್ದು.

೨. ವ್ಯಾಕರಣಪದ್ಧತಿಯ ಮೂಲ

ಭಾಷೆಗಳ ವ್ಯಾಕರಣವನ್ನು ಗಣಿತದ ರೀತಿಯಲ್ಲಿ ವರ್ಗೀಕರಿಸುವ ಕಾರ್ಯವನ್ನು ನೋಮ್ ಚೋಮ್ಸ್ಕಿಯವರು ೧೯೫೬ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಆರಂಭಿಸಿದರು. ೧೯೫೯ರಲ್ಲಿ ಜಾನ್ ಬ್ಯಾಕಸ್ ಅವರು ಗಣಕಭಾಷೆಗಳ ರಚನೆಯನ್ನು ವಿವರಿಸಲು ಒಂದು ಸಂಕೇತಕ್ರಮವನ್ನು ಮಂಡಿಸಿದರು. ಪೀಟರ್ ನೌರ್ ಅವರು ಅದನ್ನು ತಿದ್ದಿ ೧೯೬೦ರ ಆಲ್ಗಾಲ್ ಭಾಷೆಯ ವರದಿಯಲ್ಲಿ ಬಳಸಿದರು. ಇಂತಹದೇ ಸಂಕೇತಕ್ರಮವು ಪಾಣಿನಿಯ ಸೂತ್ರಗಳಲ್ಲಿ ಬಹು ಹಿಂದೆಯೇ ಇತ್ತೆಂದೂ ಆದಕಾರಣ ಇದಕ್ಕೆ ಪಾಣಿನಿ–ಬ್ಯಾಕಸ್ ಕ್ರಮವೆಂಬ ಹೆಸರು ಉಚಿತವೆಂದೂ ಪೀಟರ್ ಇಂಗರ್‌ಮನ್ ಅವರು ೧೯೬೭ರಲ್ಲಿ ಸೂಚಿಸಿದುದು ಇಲ್ಲಿ ಸ್ಮರಣೀಯ.

ಗ್ರಂಥಗಳ ಪಠ್ಯಕ್ಕೆ ಈ ಕ್ರಮವನ್ನು ಅನ್ವಯಿಸಿದವರು ಅಮೆರಿಕದ ಐಬಿಎಂ ಸಂಸ್ಥೆಯ ಚಾರ್ಲ್ಸ್ ಗೋಲ್ಡ್‌ಫಾರ್ಬ್, ಎಡ್ವರ್ಡ್ ಮೋಷರ್, ರೇಮಂಡ್ ಲೋರಿ ಎಂಬ ಮೂವರು. ಅವರು ೧೯೬೯ರಲ್ಲಿ ರೂಪಿಸಿದ ಜಿಎಂಎಲ್ ಎಂಬ ಗುರುತಿನ ಭಾಷೆಯೇ ಬೆಳೆದು ೧೯೮೬ರಲ್ಲಿ ಎಸ್‌ಜಿಎಂಎಲ್ ಎಂಬ ಹೆಸರಿನಿಂದ, ಐಎಸ್‌ಒ ೮೮೭೯ ಎಂಬ ಸಂಖ್ಯೆಯುಳ್ಳ ಅಂತರರಾಷ್ಟ್ರೀಯ ಪ್ರಮಾಣವಾಯಿತು. ಇದರಲ್ಲಿ ದಸ್ತಾವೇಜಿನ ಲಕ್ಷಣವನ್ನು ಹೇಳುವ ಭಾಗಕ್ಕೆ ಡಿಟಿಡಿ ಎಂದು ಹೆಸರು. ‘ಅಧ್ಯಾಯವೆಂದರೆ ಮೊದಲು ಒಂದು ಶೀರ್ಷಿಕೆ, ಆ ಬಳಿಕ ಒಂದು ಅಥವಾ ಹೆಚ್ಚು ಪರಿಚ್ಛೇದಗಳು’ ಎಂಬ ರೀತಿಯಲ್ಲಿ ಕ್ರಮ, ವಿಕಲ್ಪ, ಆವೃತ್ತಿ ಎಂಬ ಮೂರು ಉಪಾಯಗಳಿಂದಲೇ ಡಿಟಿಡಿಯು ರಚನೆಯನ್ನು ವಿಧಿಸುವುದು. ಇದರ ಸ್ವಭಾವವು ಮುಚ್ಚಿದ ಬಾಗಿಲಿನಂತೆ. ಯಾವುದನ್ನು ಅದು ಹೇಳಿದೆಯೋ ಅದಕ್ಕೆ ಮಾತ್ರ ಪ್ರವೇಶ, ಹೇಳದಿರುವುದೆಲ್ಲವೂ ನಿಷಿದ್ಧ.

ಆದರೆ ಶುದ್ಧವ್ಯಾಕರಣದಿಂದ ಎಲ್ಲವೂ ಸಾಧ್ಯವಿಲ್ಲವೆಂಬ ಅರಿವು ಡಿಟಿಡಿಯ ಕರ್ತೃಗಳಿಗೂ ಇದ್ದಿತೆಂಬುದಕ್ಕೆ ಎರಡು ಕುರುಹುಗಳು ದೊರೆಯುವುವು. ಒಂದು ಘಟಕಕ್ಕೆ ಕೊಟ್ಟ ಗುರುತಿನ ಹೆಸರು ದಸ್ತಾವೇಜಿನಲ್ಲಿ ಇನ್ನೊಂದಕ್ಕೆ ಇರಕೂಡದು, ಆ ಹೆಸರನ್ನು ಉಲ್ಲೇಖಿಸಿದ ಕಡೆಯಲ್ಲೆಲ್ಲ ಅದು ನಿಜವಾಗಿ ಇರುವ ಘಟಕವನ್ನೇ ತೋರಿಸಬೇಕು ಎಂಬುದು ಮೊದಲನೆಯದು. ಇದು ಅಕ್ಕಪಕ್ಕದ ಘಟಕಗಳ ಕ್ರಮವಲ್ಲ. ದೂರದ ಎರಡು ಸ್ಥಳಗಳ ಸಂಬಂಧ. ಎರಡನೆಯದು ಎಸ್‌ಜಿಎಂಎಲ್‌ನಲ್ಲಿದ್ದ ‘ವರ್ಜನೆ’. ಇಂಥ ಘಟಕದೊಳಗೆ ಎಷ್ಟೇ ಆಳದಲ್ಲಿಯೂ ಇಂಥದು ಬರಕೂಡದೆಂದು ಅದರಿಂದ ಒಂದೇ ಮಾತಿನಲ್ಲಿ ವಿಧಿಸಬಹುದಾಗಿತ್ತು. ಇವೆರಡೂ ವ್ಯಾಕರಣದ ಮನೆಯಲ್ಲಿ ಬೆಳೆದ ನಿಯಮದ ಕೂಸುಗಳೆಂದು ಹೇಳಬಹುದು.

೩. ಎಕ್ಸ್‌ಎಂಎಲ್‌ನ ಉದಯ ಮತ್ತು ಒಂದು ನಷ್ಟ

ಎಸ್‌ಜಿಎಂಎಲ್ ವಿಶಾಲವಾದುದು, ಆದುದರಿಂದಲೇ ತೊಡಕಾದುದು. ಅದನ್ನು ಸಂಕ್ಷೇಪಿಸಿ ಟಿಮ್ ಬ್ರೇ, ಜಾನ್ ಪಾವೊಲಿ, ಸಿ. ಎಂ. ಸ್ಪೆರ್ಬರ್ಗ್-ಮ್ಯಾಕ್ವೀನ್ ಎಂಬವರ ಸಂಪಾದಕತ್ವದಲ್ಲಿ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ೧೯೯೮ನೆಯ ಫೆಬ್ರವರಿ ೧೦ರಂದು ಎಕ್ಸ್‌ಎಂಎಲ್ ೧.೦ ಎಂಬ ಶಿಫಾರಸನ್ನು ಪ್ರಕಟಿಸಿತು. ಇದು ಯೂನಿಕೋಡ್ ಲಿಪಿಸಂಹಿತೆಯನ್ನು ಆಧಾರವಾಗಿಟ್ಟುಕೊಂಡುದರಿಂದ ಘಟಕಗಳಿಗೆ ಕನ್ನಡ ಅಕ್ಷರಗಳಲ್ಲಿಯೇ ಹೆಸರಿಡುವ ಅವಕಾಶವೂ ಮೊದಲ ದಿನದಿಂದಲೇ ಇದ್ದಿತು.

ಡಿಟಿಡಿಯು ಹೊಸ ಪದ್ಧತಿಯಲ್ಲಿ ಉಳಿಯಿತು. ವರ್ಜನೆಯು ಮಾತ್ರ ಬಿಟ್ಟುಹೋಯಿತು. ಇದರ ಫಲವು ಬೇಗನೆ ಕಾಣಿಸಿಕೊಂಡಿತು. ಜಾಲಪುಟಗಳ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ಒಂದು ಕೊಂಡಿಯೊಳಗೆ ಇನ್ನೊಂದು ಕೊಂಡಿ ಇರಕೂಡದು. ಎಸ್‌ಜಿಎಂಎಲ್‌ನ ಡಿಟಿಡಿಯು ಇದನ್ನು ವರ್ಜನೆಯಿಂದ ತಡೆಯುತ್ತಿತ್ತು. ೨೦೦೦ದ ಜನವರಿಯಲ್ಲಿ ಅದೇ ಭಾಷೆಯನ್ನು ಎಕ್ಸ್‌ಎಚ್‌ಟಿಎಂಎಲ್ ಎಂಬ ಹೆಸರಿನಿಂದ ಎಕ್ಸ್‌ಎಂಎಲ್‌ಗೆ ತಂದಾಗ ಆ ನಿಷೇಧವನ್ನು ಡಿಟಿಡಿಯಲ್ಲಿ ಪೂರ್ಣವಾಗಿ ಬರೆಯಲಾಗದೆ, ಅನುಬಂಧವೊಂದರಲ್ಲಿ ಸಾಮಾನ್ಯಗದ್ಯದಲ್ಲಿ ಬರೆಯಬೇಕಾಯಿತು. ಮನುಷ್ಯನು ಓದಿ ಪಾಲಿಸಬೇಕೇ ಹೊರತು ಡಿಟಿಡಿಯಿಂದ ನಡೆಯುವ ಪರೀಕ್ಷೆಗೆ ಅದು ಸಿಗದು. ಶಾಸನವು ಪುಸ್ತಕದಲ್ಲಿದ್ದು ಕಾವಲುಗಾರನ ಕೈಯಲ್ಲಿ ಇಲ್ಲದಂತಾಯಿತು.

೪. ವ್ಯಾಕರಣದ ಎರಡು ಹೊಸ ಕವಲುಗಳು

ಡಿಟಿಡಿಯಲ್ಲಿ ಬೇರೆ ಕೊರತೆಗಳೂ ಇದ್ದುವು. ಅದರ ಬರವಣಿಗೆ ಎಕ್ಸ್‌ಎಂಎಲ್‌ನದಲ್ಲ. ಒಂದು ಘಟಕದಲ್ಲಿರುವುದು ದಿನಾಂಕವೇ ಸಂಖ್ಯೆಯೇ ಎಂದು ಹೇಳುವ ಶಕ್ತಿ ಅದಕ್ಕಿಲ್ಲ. ಈ ಕೊರತೆಗಳನ್ನು ತುಂಬಲು ಕನ್ಸಾರ್ಷಿಯಂ ೨೦೦೧ನೆಯ ಮೇ ೨ರಂದು ಎಕ್ಸ್‌ಎಂಎಲ್ ಸ್ಕೀಮಾ ಎಂಬ ಶಿಫಾರಸನ್ನು ಹೊರಡಿಸಿತು. ಇದರಲ್ಲಿ ೧೯ ಮೂಲಜಾತಿಗಳೂ ಅವುಗಳಿಂದ ಹುಟ್ಟಿದ ೨೫ ಉಪಜಾತಿಗಳೂ ಸೇರಿ ೪೪ ದತ್ತಜಾತಿಗಳಿದ್ದುವು. ಬೆಲೆಗಳ ಅನನ್ಯತೆಯನ್ನೂ ಉಲ್ಲೇಖಗಳ ಸತ್ಯತೆಯನ್ನೂ ನೋಡುವ ಕೆಲವು ನಿಯಮಗಳಿಗೂ ಸ್ಥಾನವಿದ್ದಿತು. ಆದರೆ ಆರಂಭದ ದಿನಾಂಕವು ಮುಕ್ತಾಯದ ದಿನಾಂಕಕ್ಕಿಂತ ಹಿಂದಿನದಾಗಿರಬೇಕು ಎಂಬಷ್ಟು ಸಾಧಾರಣವಾದ ಮಾತನ್ನೂ ಅದರಲ್ಲಿ ಬರೆಯಲು ಬರುತ್ತಿರಲಿಲ್ಲ.

ಇದೇ ಕಾಲದಲ್ಲಿ ಜಪಾನಿನ ಮುರಾತಾ ಮಕೊಟೊ ಅವರು ರಿಲ್ಯಾಕ್ಸ್ ಎಂಬುದನ್ನೂ, ಎಕ್ಸ್‌ಎಂಎಲ್ ಕಾರ್ಯಸಮಿತಿಯ ತಾಂತ್ರಿಕ ಮುಖಂಡರಾಗಿದ್ದ ಜೇಮ್ಸ್ ಕ್ಲಾರ್ಕ್ ಅವರು ಟ್ರೆಕ್ಸ್ ಎಂಬುದನ್ನೂ ರಚಿಸಿದ್ದರು. ಇವೆರಡನ್ನೂ ಕೂಡಿಸಿ ಇಬ್ಬರೂ ಸಿದ್ಧಪಡಿಸಿದ ರಿಲ್ಯಾಕ್ಸ್ ಎನ್‌ಜಿಯನ್ನು ಓಯಸಿಸ್ ಸಂಸ್ಥೆಯು ೨೦೦೧ನೆಯ ಡಿಸೆಂಬರ್ ೩ರಂದು ಪ್ರಕಟಿಸಿತು. ವೃಕ್ಷಗಳನ್ನು ಗುರುತಿಸುವ ಸ್ವಯಂಚಾಲಕಗಳ ಗಣಿತಸಿದ್ಧಾಂತವೇ ಇದರ ತಳಹದಿ. ಇದರ ವೈಶಿಷ್ಟ್ಯವು ಸಂಯಮದಲ್ಲಿದೆ: ದತ್ತಜಾತಿಗಳ ಪಟ್ಟಿಯನ್ನು ಅದು ಹೊರಗಿನಿಂದ ತೆಗೆದುಕೊಳ್ಳುವುದು, ಉಲ್ಲೇಖಗಳ ಪರೀಕ್ಷೆಯನ್ನು ತನ್ನ ತಿರುಳಿನಿಂದ ಬೇರ್ಪಡಿಸಿರುವುದು. ವ್ಯಾಕರಣವು ವ್ಯಾಕರಣದ ಕೆಲಸವನ್ನು ಮಾತ್ರ ಚೆನ್ನಾಗಿ ಮಾಡಲಿ, ಉಳಿದುದು ಬೇರೆಯವರ ಪಾಲಿಗಿರಲಿ ಎಂಬುದು ಅದರ ನೀತಿ. ಮುಂದಿನ ಸಂಯೋಗಕ್ಕೆ ಈ ನೀತಿಯೇ ದಾರಿಮಾಡಿಕೊಟ್ಟಿತು.

೫. ನಿಯಮಪದ್ಧತಿ: ಸ್ಕೀಮಾಟ್ರಾನ್

ನಿಯಮಪದ್ಧತಿಯ ಪ್ರವರ್ತಕರು ರಿಕ್ ಜೆಲಿಫ್ ಎಂಬವರು. ತೈವಾನಿನ ತೈಪೆ ನಗರದ ಅಕಾಡೆಮಿಯಾ ಸಿನಿಕಾ ಸಂಸ್ಥೆಯ ಗಣಕಕೇಂದ್ರದಲ್ಲಿದ್ದಾಗ ೧೯೯೯ರಲ್ಲಿ ಅವರು ಸ್ಕೀಮಾಟ್ರಾನ್ ಎಂಬುದನ್ನು ರೂಪಿಸಿದರು. ದಸ್ತಾವೇಜಿನ ವೃಕ್ಷದಲ್ಲಿ ಬೇಕಾದ ಕೊಂಬೆಯನ್ನು ಹೆಸರಿಸುವ ಎಕ್ಸ್‌ಪಾತ್, ಒಂದು ದಸ್ತಾವೇಜನ್ನು ಇನ್ನೊಂದಾಗಿ ಮಾರ್ಪಡಿಸುವ ಎಕ್ಸ್‌ಎಸ್‌ಎಲ್‌ಟಿ ಎಂಬ ಎರಡು ಭಾಷೆಗಳು ಅದೇ ವರ್ಷದ ನವೆಂಬರ್ ೧೬ರಂದು ಶಿಫಾರಸುಗಳಾಗಿ ಪ್ರಕಟವಾದುವು. ಸ್ಕೀಮಾಟ್ರಾನ್ ಹೊಸ ಯಂತ್ರವೊಂದನ್ನು ಕಟ್ಟದೆ ಇವೆರಡರ ಮೇಲೆಯೇ ನಿಂತಿತು.

ಇದರ ಬರವಣಿಗೆ ಸರಳವಾದುದು. ಇಂಥ ಘಟಕವು ಎಲ್ಲಿ ಕಂಡರೂ ಇಂಥ ಮಾತು ಸತ್ಯವಾಗಿರಬೇಕೆಂದು ಒಂದು ಸಾಲು. ಸತ್ಯವಾಗಿಲ್ಲದಿದ್ದರೆ ಬರೆದವನಿಗೆ ತಿಳಿಸತಕ್ಕ ವಾಕ್ಯವು ಮನುಷ್ಯಭಾಷೆಯಲ್ಲಿ ಇನ್ನೊಂದು ಸಾಲು. ಆ ಮಾತು ಪಕ್ಕದ ಘಟಕವನ್ನೋ, ತಾಯಿಘಟಕವನ್ನೋ, ದಸ್ತಾವೇಜಿನ ಇನ್ನೊಂದು ಕೊನೆಯನ್ನೋ ಕುರಿತು ಇರಬಹುದು. ಎಣಿಕೆ, ಮೊತ್ತ, ಹೋಲಿಕೆಗಳೂ ಇರಬಹುದು. ಎಕ್ಸ್‌ಎಚ್‌ಟಿಎಂಎಲ್‌ನ ಅನುಬಂಧಕ್ಕೆ ತಳ್ಳಲ್ಪಟ್ಟ ನಿಷೇಧವು ಇಲ್ಲಿ ಒಂದೇ ಸಾಲಾಗುವುದು: ಕೊಂಡಿಗೆ ಪೂರ್ವಜವಾಗಿ ಇನ್ನೊಂದು ಕೊಂಡಿ ಇರಕೂಡದು. ಇದರ ಸ್ವಭಾವವು ಡಿಟಿಡಿಗೆ ತೀರ ವಿರುದ್ಧವಾದುದು. ಇದು ತೆರೆದ ಬಾಗಿಲು. ನಿಷೇಧಿಸಿದುದನ್ನು ಮಾತ್ರ ತಡೆದು ಉಳಿದುದೆಲ್ಲವನ್ನೂ ಒಳಗೆ ಬಿಡುವುದು. ಇತರ ಪದ್ಧತಿಗಳು ಮುಟ್ಟಲಾರದ ಮೂಲೆಗಳನ್ನು ತಲಪುವ ಗರಿಯ ಪೊರಕೆಗೆ ಜೆಲಿಫ್ ಅವರು ತಮ್ಮ ಕೃತಿಯನ್ನು ಹೋಲಿಸಿದರು. ಈ ಹೋಲಿಕೆಯು ವಿನಯದ ಮಾತಷ್ಟೇ ಅಲ್ಲ. ದೊಡ್ಡ ಪೊರಕೆಯೂ ಮನೆಯಲ್ಲಿರಬೇಕೆಂಬ ಒಪ್ಪಿಗೆಯೂ ಅದರಲ್ಲಿದೆ.

೬. ಎರಡು ಮೌನಗಳು

ಒಂದೊಂದೇ ಪದ್ಧತಿಯನ್ನು ನಂಬಿದರೆ ಏನಾಗುವುದೆಂಬುದನ್ನು ಶಾಸನಪಾಠದ ಉದಾಹರಣೆಯಿಂದ ತಿಳಿಯಬಹುದು. ಜೈನರಿಗೂ ಶ್ರೀವೈಷ್ಣವರಿಗೂ ಒಡಂಬಡಿಕೆಯನ್ನು ಮಾಡಿಸಿದ ವಿಜಯನಗರದ ಬುಕ್ಕರಾಯನ ಶ್ರವಣಬೆಳಗೊಳದ ಶಾಸನದ ಕಾಲವು ಶಕವರ್ಷ ೧೨೯೦, ಕೀಲಕ ಸಂವತ್ಸರ, ಅಂದರೆ ಕ್ರಿ.ಶ. ೧೩೬೮. ಇದನ್ನು ಎಕ್ಸ್‌ಎಂಎಲ್‌ನಲ್ಲಿ ಬರೆಯುವಾಗ ‘ಕಾಲ’ವೆಂಬ ಘಟಕದೊಳಗೆ ‘ಶಕವರ್ಷ’, ‘ಸಂವತ್ಸರ’ ಎಂಬ ಎರಡು ಘಟಕಗಳನ್ನು ಇಡಲಾಯಿತೆಂದು ಭಾವಿಸಬೇಕು. ಮೊದಲನೆಯದರಲ್ಲಿ ಸಂಖ್ಯೆ, ಎರಡನೆಯದರಲ್ಲಿ ಅರುವತ್ತು ಹೆಸರುಗಳಲ್ಲಿ ಒಂದು ಇರಬೇಕೆಂದು ವ್ಯಾಕರಣವು ವಿಧಿಸುವುದು.

ಪ್ರತಿಕಾರನು ಕೈತಪ್ಪಿ ೧೨೯೦ಕ್ಕೆ ಬದಲಾಗಿ ೧೨೦೯ ಎಂದು ಬರೆದನೆಂದರೆ, ಸಂಖ್ಯೆಯು ಸಂಖ್ಯೆಯೇ, ಕೀಲಕವು ಪಟ್ಟಿಯಲ್ಲಿರುವ ಹೆಸರೇ. ವ್ಯಾಕರಣವು ಮೌನವಾಗಿ ಒಪ್ಪುವುದು. ಶಾಸನವು ಬುಕ್ಕನ ಕಾಲದಿಂದ ೮೧ ವರ್ಷ ಹಿಂದಕ್ಕೆ, ವಿಜಯನಗರವೇ ಇಲ್ಲದ ಕಾಲಕ್ಕೆ ಹೋಗುವುದು. ನಿಯಮವಾದರೋ ಹೀಗೆ ಕೇಳುವುದು: ಗತಶಕವರ್ಷಕ್ಕೆ ೧೨ನ್ನು ಕೂಡಿಸಿ ೬೦ರಿಂದ ಭಾಗಿಸಿದರೆ ಉಳಿಯುವ ಶೇಷವು, ಪ್ರಭವವನ್ನು ಒಂದೆಂದು ಎಣಿಸಿದಾಗ, ಸಂವತ್ಸರದ ಸಂಖ್ಯೆಗೆ ಸರಿಹೊಂದುವುದೇ? ೧೨೯೦ಕ್ಕೆ ೧೨ನ್ನು ಕೂಡಿಸಿದರೆ ೧೩೦೨, ಶೇಷ ೪೨, ನಲವತ್ತೆರಡನೆಯದು ಕೀಲಕವೇ. ೧೨೦೯ಕ್ಕಾದರೆ ಶೇಷ ೨೧, ಅದು ಸರ್ವಜಿತ್ತು. ತಪ್ಪು ತಕ್ಷಣವೇ ಸಿಕ್ಕಿಬೀಳುವುದು.

ಇನ್ನೊಂದು ಬಗೆಯ ತಪ್ಪು ಇದಕ್ಕೆ ವಿಪರೀತವಾದುದು. ಪ್ರತಿಕಾರನು ಸಂಖ್ಯೆಯನ್ನು ಹೇಗೇ ಬರೆದಿರಲಿ, ಘಟಕದ ಹೆಸರನ್ನು ‘ಶಕವರ್ಷ’ವೆಂಬುದಕ್ಕೆ ಬದಲಾಗಿ ‘ಶಕವರುಷ’ವೆಂದು ಬರೆದನೆನ್ನಬೇಕು. ‘ಶಕವರ್ಷ’ವನ್ನು ಕಂಡಲ್ಲಿ ಪರೀಕ್ಷಿಸೆಂದು ಹೇಳಿದ ನಿಯಮಕ್ಕೆ ಅಂಥ ಘಟಕವು ಕಾಣುವುದೇ ಇಲ್ಲ. ಕಾಣದುದರಿಂದ ಪರೀಕ್ಷೆಯಿಲ್ಲ, ಪರೀಕ್ಷೆಯಿಲ್ಲದುದರಿಂದ ದೋಷವೂ ಇಲ್ಲ. ಶಾಸನದ ಕಾಲವೇ ಇಲ್ಲದ ಬರಿದಾದ ದಸ್ತಾವೇಜು ಕೂಡ ಈ ನಿಯಮವನ್ನು ಒಂದು ಆಕ್ಷೇಪಣೆಯೂ ಇಲ್ಲದೆ ದಾಟಿಬರುವುದು. ಇಲ್ಲಿ ನಿಯಮವು ಮೌನ. ಹೇಳದ ಹೆಸರನ್ನು ಒಳಗೆ ಬಿಡದ ವ್ಯಾಕರಣವೇ ಕೂಗಿ ಎಚ್ಚರಿಸುವುದು.

ವ್ಯಾಕರಣವು ಎಲ್ಲಿ ಮೌನವೋ ಅಲ್ಲಿ ನಿಯಮವು ಮಾತನಾಡುವುದು, ನಿಯಮವು ಎಲ್ಲಿ ಮೌನವೋ ಅಲ್ಲಿ ವ್ಯಾಕರಣವು ಮಾತನಾಡುವುದು ಎಂಬುದು ಇದರಿಂದ ಸಿದ್ಧವಾಗುವುದು. ಪರೀಕ್ಷೆಯಿಲ್ಲದ ದಸ್ತಾವೇಜನ್ನು ಓದುಗನು ಸಂಶಯದಿಂದ ನೋಡುವನು. ಅರೆಪರೀಕ್ಷೆಯಾಗಿ ಸಿಂಧುವೆಂಬ ಮುದ್ರೆ ಬಿದ್ದುದನ್ನು ಸಂಶಯವಿಲ್ಲದೆ ನಂಬುವನು. ಆದಕಾರಣ ಒಂದೇ ಪದ್ಧತಿಯ ಮೇಲಣ ಭರವಸೆಯು ಪರೀಕ್ಷೆಯೇ ಇಲ್ಲದುದಕ್ಕಿಂತ ಹೆಚ್ಚಿನ ಅಪಾಯವನ್ನು ತರಬಲ್ಲುದು.

೭. ಸಂಯೋಗದ ಮೂರು ಮಾರ್ಗಗಳು

ಇವೆರಡನ್ನೂ ಕೂಡಿಸಲು ಮೂರು ಮಾರ್ಗಗಳು ಬಳಕೆಗೆ ಬಂದುವು. ಒಂದರಲ್ಲಿ ನಿಯಮಗಳನ್ನು ವ್ಯಾಕರಣದ ಕಡತದೊಳಗೆಯೇ ಅಡಗಿಸಿಡುವರು. ಎಕ್ಸ್‌ಎಂಎಲ್ ಸ್ಕೀಮಾದಲ್ಲಿ ಟಿಪ್ಪಣಿಗೆಂದು ಮೀಸಲಾದ ಸ್ಥಳವಿದೆ. ರಿಲ್ಯಾಕ್ಸ್ ಎನ್‌ಜಿಯಲ್ಲಿ ಪರಕೀಯ ಘಟಕಗಳು ಎಲ್ಲಿ ಬಂದರೂ ಅಡ್ಡಿಯಿಲ್ಲ. ಅಲ್ಲಿ ಬರೆದಿಟ್ಟ ಸ್ಕೀಮಾಟ್ರಾನ್ ನಿಯಮಗಳನ್ನು ವ್ಯಾಕರಣಯಂತ್ರವು ಲಕ್ಷಿಸದೆ ಮುಂದೆ ಹೋಗುವುದು. ಎಕ್ಸ್‌ಎಸ್‌ಎಲ್‌ಟಿಯ ಒಂದು ಸಣ್ಣ ಕ್ರಮವಿಧಿಯು ಅವನ್ನು ಆಯ್ದು ಪ್ರತ್ಯೇಕವಾಗಿ ನಡೆಯಿಸುವುದು. ಘಟಕದ ರಚನೆಯೂ ಅದರ ನಿಯಮವೂ ಒಂದೆಡೆ ಇರುವುದರಿಂದ ಒಂದನ್ನು ತಿದ್ದುವವನಿಗೆ ಇನ್ನೊಂದು ಮರೆಯದೆಂಬುದು ಇದರ ಗುಣ.

ಇನ್ನೊಂದು ಮಾರ್ಗದಲ್ಲಿ ಎರಡನ್ನೂ ಬೇರೆಬೇರೆಯಾಗಿಟ್ಟು ಸಾಲಾಗಿ ನಡೆಯಿಸುವರು. ಅಂತರರಾಷ್ಟ್ರೀಯ ಪ್ರಮಾಣವಾದ ಐಎಸ್‌ಒ/ಐಇಸಿ ೧೯೭೫೭ರಲ್ಲಿ ಈ ತತ್ತ್ವಕ್ಕೆ ಮನ್ನಣೆ ದೊರೆಯಿತು. ಅದರ ಎರಡನೆಯ ಭಾಗವಾಗಿ ೨೦೦೩ರಲ್ಲಿ ರಿಲ್ಯಾಕ್ಸ್ ಎನ್‌ಜಿಯೂ, ಮೂರನೆಯ ಭಾಗವಾಗಿ ೨೦೦೬ರಲ್ಲಿ ಸ್ಕೀಮಾಟ್ರಾನೂ, ನಾಲ್ಕನೆಯ ಭಾಗವಾಗಿ ಅದೇ ವರ್ಷ ಎನ್‌ವಿಡಿಎಲ್ ಎಂಬುದೂ ಪ್ರಕಟವಾದುವು. ಈ ಕೊನೆಯದರ ಕಾರ್ಯವು ಮಿಶ್ರದಸ್ತಾವೇಜನ್ನು ಭಾಗಗಳಾಗಿ ವಿಂಗಡಿಸಿ ಯಾವ ಭಾಗವು ಯಾವ ಪರೀಕ್ಷಕನ ಬಳಿಗೆ ಹೋಗಬೇಕೆಂದು ಗೊತ್ತುಮಾಡುವುದು. ಒಬ್ಬ ಸರ್ವಜ್ಞನ ಬದಲಿಗೆ ತಂತಮ್ಮ ವಿಷಯದಲ್ಲಿ ನಿಪುಣರಾದ ಹಲವರ ಸಭೆಯೊಂದು ಇಲ್ಲಿ ಪ್ರಮಾಣವಾಯಿತು. ಸಾಲಿನಲ್ಲಿ ವ್ಯಾಕರಣವು ಮೊದಲು, ನಿಯಮವು ಅನಂತರ ಬರುವುದು ರೂಢಿ. ಕಾರಣವೇನೆಂದರೆ, ಘಟಕಗಳೆಲ್ಲವೂ ಇದ್ದಾವೆಂದು ಗೊತ್ತಾದ ಮೇಲೆಯೇ ಅವುಗಳ ಸಂಬಂಧವನ್ನು ಕುರಿತ ಪ್ರಶ್ನೆಗೆ ಅರ್ಥವಿರುವುದು.

ಮತ್ತೊಂದು ಮಾರ್ಗವು ಲೀನಗೊಳಿಸುವಿಕೆ. ೨೦೧೨ನೆಯ ಏಪ್ರಿಲ್ ೫ರಂದು ಪ್ರಕಟವಾದ ಎಕ್ಸ್‌ಎಂಎಲ್ ಸ್ಕೀಮಾ ೧.೧ರಲ್ಲಿ ಎಕ್ಸ್‌ಪಾತ್ ೨.೦ರಿಂದ ಬರೆಯುವ ದೃಢೋಕ್ತಿಗಳಿಗೆ ಅವಕಾಶವಾಯಿತು. ಹನ್ನೊಂದು ವರ್ಷಗಳ ಹಿಂದೆ ಬರೆಯಲಾಗದಿದ್ದ ದಿನಾಂಕಗಳ ಹೋಲಿಕೆಯು ಈಗ ಸಾಧ್ಯ. ವ್ಯಾಕರಣಪಕ್ಷವು ನಿಯಮದ ಅವಶ್ಯಕತೆಯನ್ನು ಒಪ್ಪಿಕೊಂಡುದಕ್ಕೆ ಇದೇ ಸ್ಪಷ್ಟವಾದ ಸಾಕ್ಷಿ. ಆದರೆ ಈ ದೃಢೋಕ್ತಿಗೆ ತಾನಿರುವ ಘಟಕವೂ ಅದರ ಒಳಗಿರುವುದೂ ಮಾತ್ರ ಗೋಚರ. ತಾಯಿಯನ್ನಾಗಲಿ ನೆರೆಯನ್ನಾಗಲಿ ಅದು ನೋಡಲಾರದು. ಆದುದರಿಂದ ಈ ಮಾರ್ಗವು ಸ್ಕೀಮಾಟ್ರಾನಿನ ಅವಶ್ಯಕತೆಯನ್ನು ಕಡಮೆಮಾಡಿತೇ ಹೊರತು ಇಲ್ಲವಾಗಿಸಲಿಲ್ಲ.

೮. ಪ್ರಯೋಗದಲ್ಲಿ

ವಿದ್ವತ್ತಿನ ಕ್ಷೇತ್ರದಲ್ಲಿ ಸಂಯೋಗಕ್ಕೆ ಉತ್ತಮವಾದ ನಿದರ್ಶನವು ಟೆಕ್ಸ್ಟ್ ಎನ್‌ಕೋಡಿಂಗ್ ಇನಿಷಿಯೇಟಿವ್. ೧೯೮೭ರಲ್ಲಿ ಅಮೆರಿಕದ ವಾಸ್ಸರ್ ಕಾಲೇಜಿನಲ್ಲಿ ಕೂಡಿದ ಸಭೆಯಿಂದ ಇದು ಹುಟ್ಟಿತು. ಗ್ರಂಥಪಾಠಗಳನ್ನು ಗಣಕದಲ್ಲಿ ಉಳಿಸುವ ವಿಧಾನವನ್ನು ನಿರೂಪಿಸುವುದು ಇದರ ಕೆಲಸ. ೧೯೯೪ರ ಮೂರನೆಯ ಆವೃತ್ತಿಯು ಎಸ್‌ಜಿಎಂಎಲ್‌ನಲ್ಲಿಯೂ ೨೦೦೨ರ ನಾಲ್ಕನೆಯದು ಎಕ್ಸ್‌ಎಂಎಲ್‌ನಲ್ಲಿಯೂ ಇದ್ದುವು. ೨೦೦೭ರಲ್ಲಿ ಬಂದ ಐದನೆಯ ಆವೃತ್ತಿಯಲ್ಲಿ ಪ್ರತಿ ಘಟಕದ ವಿವರಣೆ, ವ್ಯಾಕರಣ, ಸ್ಕೀಮಾಟ್ರಾನ್ ನಿಯಮ ಈ ಮೂರನ್ನೂ ಒಂದೇ ಮೂಲಕಡತದಲ್ಲಿ ಬರೆದು ಬೇಕಾದುದನ್ನು ಅದರಿಂದ ಹೊರತೆಗೆಯುವ ಕ್ರಮವು ನೆಲೆಗೊಂಡಿತು. ಶಾಸನಗಳಿಗಾಗಿ ಇದನ್ನು ಅಳವಡಿಸಿದ ಎಪಿಡಾಕ್ ಪದ್ಧತಿಯೂ ಇದೇ ಹಾದಿಯಲ್ಲಿ ನಡೆಯುತ್ತಿದೆ.

ವಾಣಿಜ್ಯದಲ್ಲಿ ಇದರ ಪ್ರಯೋಜನವು ಹಣದ ಲೆಕ್ಕದಲ್ಲಿಯೇ ಕಾಣುವುದು. ಐರೋಪ್ಯ ಒಕ್ಕೂಟದ ೨೦೧೪ರ ನಿರ್ದೇಶನವೊಂದರ ಮೇರೆಗೆ ಸರ್ಕಾರಿ ಖರೀದಿಯ ಬೀಜಕಗಳಿಗಾಗಿ ೨೦೧೭ರಲ್ಲಿ ಇಎನ್ ೧೬೯೩೧ ಎಂಬ ಪ್ರಮಾಣವು ಬಂದಿತು. ಬೀಜಕದ ರಚನೆಯನ್ನು ಎಕ್ಸ್‌ಎಂಎಲ್ ಸ್ಕೀಮಾ ನೋಡಿಕೊಳ್ಳುವುದು. ಸಾಲುಗಳ ಮೊತ್ತವು ಒಟ್ಟು ಮೊತ್ತಕ್ಕೆ ಸಮವಾಗಿದೆಯೇ ಎಂಬಂಥ ನಿಯಮಗಳನ್ನು ಸ್ಕೀಮಾಟ್ರಾನ್ ನೋಡಿಕೊಳ್ಳುವುದು. ರಚನೆಯಲ್ಲಿ ನಿರ್ದೋಷವಾಗಿದ್ದು ಕೂಡಿಕೆಯಲ್ಲಿ ತಪ್ಪಿದ ಬೀಜಕವೂ ಬೆಂಕಿಯಿಂದ ನೆನೆಸುವ ವಾಕ್ಯದಂಥದೇ.

೯. ಉಪಸಂಹಾರ

ಒಂದು ಎಚ್ಚರಿಕೆಯ ಮಾತು ಉಳಿದಿದೆ. ಬೀಜಕದ ಮೊತ್ತ ತಪ್ಪಿದರೆ ಅದನ್ನು ಹಿಂದಿರುಗಿಸುವುದು ನ್ಯಾಯ. ಶಾಸನದ ವಿಷಯದಲ್ಲಿ ಹಾಗಲ್ಲ. ಗತವರ್ಷದ ಗಣನೆಗೂ ವರ್ತಮಾನವರ್ಷದ ಗಣನೆಗೂ ಒಂದು ವರ್ಷದ ಅಂತರವಿರುವುದು ಶಾಸನಜ್ಞರಿಗೆ ವಿದಿತವೇ. ಕಲ್ಲಿನ ಮೇಲೆಯೇ ತಪ್ಪಿರುವುದೂ ಉಂಟು. ಅಂಥಲ್ಲಿ ನಿಯಮಕ್ಕೆ ಹೊಂದುವಂತೆ ಪಾಠವನ್ನು ತಿದ್ದಿದರೆ ಸಾಕ್ಷ್ಯವೇ ನಾಶವಾಗುವುದು. ಆದುದರಿಂದ ನಿಯಮಗಳಲ್ಲಿ ತಿರಸ್ಕಾರಕ್ಕೆ ಯೋಗ್ಯವಾದ ದೋಷವನ್ನೂ ವಿದ್ವಾಂಸನ ಗಮನಕ್ಕೆ ತರತಕ್ಕ ಎಚ್ಚರಿಕೆಯನ್ನೂ ಬೇರ್ಪಡಿಸಿಡಬೇಕು. ವ್ಯಾಕರಣದ ತೀರ್ಪು ಹೌದು ಅಥವಾ ಅಲ್ಲ ಎಂಬಷ್ಟೇ ಆಗಿರುವಲ್ಲಿ, ಕಾರಣವನ್ನು ಮನುಷ್ಯನ ಮಾತಿನಲ್ಲಿ ಹೇಳಿ ನಿರ್ಣಯವನ್ನು ಅವನಿಗೇ ಬಿಡಬಲ್ಲ ಶಕ್ತಿಯು ನಿಯಮಪದ್ಧತಿಗೆ ಇದೆ. ಇದೂ ಸಂಯೋಗಕ್ಕೆ ಒಂದು ಕಾರಣ.

೧೯೮೬ರ ಡಿಟಿಡಿಯಲ್ಲಿ ಉಲ್ಲೇಖಗಳ ಪರೀಕ್ಷೆಯಾಗಿ ಅಡಗಿದ್ದ ನಿಯಮಾಂಶವು ೧೯೯೯ರಲ್ಲಿ ಸ್ವತಂತ್ರಪದ್ಧತಿಯಾಗಿ, ೨೦೦೬ರಲ್ಲಿ ಪ್ರಮಾಣವಾಗಿ, ೨೦೧೨ರಲ್ಲಿ ಪ್ರತಿಪಕ್ಷದಿಂದಲೂ ಅಂಗೀಕೃತವಾಯಿತು. ಈ ಇತಿಹಾಸದಲ್ಲಿ ಒಂದು ಪದ್ಧತಿಯು ಇನ್ನೊಂದನ್ನು ಸೋಲಿಸಲಿಲ್ಲ. ಎಲ್ಲವನ್ನೂ ಒಂದೇ ಸಾಧನದಿಂದ ಸಾಧಿಸಹೊರಟ ಯತ್ನಗಳು ಭಾರವಾದುವು. ತನ್ನ ಮೇರೆಯನ್ನು ತಾನು ಅರಿತ ಸಾಧನಗಳು ಪರಸ್ಪರ ಕೈಹಿಡಿದು ಬಾಳಿದುವು. ರೂಪವನ್ನು ವ್ಯಾಕರಣವೂ ಯೋಗ್ಯತೆಯನ್ನು ನಿಯಮವೂ ಕಾಯ್ದರೆ ಮಾತ್ರ ದಸ್ತಾವೇಜಿನ ಮೇಲೆ ಬಿದ್ದ ಸಿಂಧುವೆಂಬ ಮುದ್ರೆಗೆ ಬೆಲೆಯುಂಟು.